ಮುಳ್ಳು ಎಂದೆ

ಮಾರ್ದಿನ್ ಊರಿನ ಹಳೇ ಕೇರಿಗೆ ಲಾರಿ ಹತ್ತುವುದಿಲ್ಲ.
ಮೆಟ್ಟಿಲ ಮೇಲೆ ಮೆಟ್ಟಿಲು, ಕಮಾನಿನ ಕೆಳಗೆ ಕತ್ತಲು,
ಒಬ್ಬ ಎದುರು ಬಂದರೆ ಇನ್ನೊಬ್ಬ
ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು.
ಅದಕ್ಕೇ ನಗರಸಭೆ ನನ್ನನ್ನು ನೇಮಿಸಿತು,
ನನಗೂ ಮೊದಲು ಗೆವ್ರೆಯನ್ನು.
ಸೇವೆಯಲ್ಲಿ ಕತ್ತೆ ನನಗಿಂತ ಎರಡು ವರ್ಷ ಹಿರಿಯದು.
ತಮಾಷೆಯಲ್ಲ, ಕಡತದಲ್ಲಿದೆ.

ಬೆಳಗಿನ ಐದಕ್ಕೆ ಅದರ ಬೆನ್ನಿಗೆ ಎರಡು ಬುಟ್ಟಿ ಬಿಗಿಯುತ್ತೇನೆ.
ಬಾಗಿಲುಗಳು ಇನ್ನೂ ಮುಚ್ಚಿರುತ್ತವೆ,
ಚೀಲಗಳು ಮಾತಾಡುತ್ತವೆ:
ಈ ಮನೆಯಲ್ಲಿ ನಿನ್ನೆ ದಾಳಿಂಬೆ ಬಿಡಿಸಿದರು.
ಆ ಮನೆಯ ಹುಡುಗ ಮತ್ತೆ ಗಣಿತದಲ್ಲಿ ಫೇಲು,
ಹಾಳೆಯನ್ನು ಚೂರು ಮಾಡಿ
ಮೊಟ್ಟೆಯ ಚಿಪ್ಪಿನಲ್ಲಿ ಬಚ್ಚಿಟ್ಟಿದ್ದಾನೆ.
ಅಕ್ಕಸಾಲಿ ಜರ್ಜಿಸನ ಮನೆಯಲ್ಲಿ ಕಸವೇ ಹುಟ್ಟುವುದಿಲ್ಲ,
ಧೂಳಿಗೂ ಜರಡಿ ಹಿಡಿಯುತ್ತಾನೆ ಪುಣ್ಯಾತ್ಮ.
ಯಾರದ್ದನ್ನೂ ಯಾರಿಗೂ ಹೇಳುವುದಿಲ್ಲ ನಾನು.
ವೈದ್ಯನಿಗೆ, ಪಾದ್ರಿಗೆ, ಕಸದವನಿಗೆ
ಕಣ್ಣಿರಬೇಕು, ಬಾಯಿರಬಾರದು
ಅನ್ನುತ್ತಿದ್ದ ನನ್ನಪ್ಪ. ಅವನೂ ಇದೇ ಕೆಲಸದವನು.

ಆ ದಿನ ಚೀಲ ಹರಿದಿತ್ತು, ಬೆಕ್ಕಿನ ಕೆಲಸ.
ಚಹಾದ ಚರಟ, ಸೌತೆಯ ಸಿಪ್ಪೆ, ಒಂದು ಹಳೇ ಕಾಲುಚೀಲ
ಎಲ್ಲ ಬಾಚಿ ತುಂಬುವಾಗ
ಕೈಗವಸು ದಾಟಿ ಏನೋ ಒಳಗಿಳಿಯಿತು.
ರಕ್ತ ಒಂದೇ ಹನಿ.
ಸೂಜಿ ಎಷ್ಟು ಸಣ್ಣದೆಂದರೆ
ಹುಡುಕಲು ಗೆವ್ರೆಯ ಕಾಲ ಬುಡದಲ್ಲಿ ಮಂಡಿಯೂರಬೇಕಾಯಿತು.

ಆಸ್ಪತ್ರೆಯಲ್ಲಿ ನರ್ಸ್ ಕೇಳಿದಳು: ಯಾರ ಮನೆಯ ಸೂಜಿ?
ಫಾರಂನಲ್ಲಿ ಒಂದು ಖಾಲಿ ಜಾಗವಿತ್ತು.
ಎಪ್ಪತ್ತೊಂದನೆಯ ಮೆಟ್ಟಿಲು, ನೀಲಿ ಬಾಗಿಲು, ಶ್ಮೂನಿ ಅಜ್ಜಿ.
ಇಡೀ ಓಣಿಯಲ್ಲಿ ಸಕ್ಕರೆ ಕಾಯಿಲೆಯ ಮನೆ ಅದೊಂದೇ.
ಗೊತ್ತಿಲ್ಲ, ಎಂದೆ.
ಆರು ವಾರಕ್ಕೊಮ್ಮೆ, ಮೂರು ತಿಂಗಳಿಗೊಮ್ಮೆ,
ಆಮೇಲೆ ಆರು ತಿಂಗಳಿಗೆ ರಕ್ತ ಕೊಡಬೇಕು.
ಮಗಳಿಗೆ ಮುತ್ತು ಕೊಡಬಹುದು, ರೇಜರ್ ಹಂಚಿಕೊಳ್ಳಬೇಡ ಎಂದಳು.
ನಾನು ಎರಡನ್ನೂ ಬಿಟ್ಟೆ.
ಗಡ್ಡ ಬೆಳೆಯಿತು. ಮಗಳು ಬೆರಳು ಮಡಿಸಿ ದಿನ ಎಣಿಸಿದಳು,
ಬೆರಳು ಸಾಲದಾಗ ನನ್ನ ಬೆರಳು ಕೇಳಿದಳು.
ಕೊಡಲಿಲ್ಲ.

ಶ್ಮೂನಿ ಅಜ್ಜಿ ಹಿಂದೆ ಬಟ್ಟೆಗೆ ಅಚ್ಚು ಒತ್ತುತ್ತಿದ್ದವಳು,
ಇಗರ್ಜಿಯ ಪರದೆಗೆ ನವಿಲು, ದ್ರಾಕ್ಷಿ, ದೇವದೂತರು.
ಈಗ ಸಕ್ಕರೆ ಕಣ್ಣನ್ನು ತಿಂದಿದೆ,
ಕೈಯನ್ನು ಮುಟ್ಟಿಲ್ಲ.
ಶನಿವಾರ ಎಂದಿನಂತೆ ಚಹಾ ಕೊಡುವಾಗ
ಅವಳ ಬೆರಳು ನನ್ನ ಪಟ್ಟಿಗೆ ತಾಗಿ ನಿಂತಿತು.
ಏನಿದು?
ಮುಳ್ಳು, ಎಂದೆ.
ಮುಳ್ಳು, ಎಂದಳು ಅವಳೂ, ನಿಧಾನವಾಗಿ,
ಬಾಯಿಗೆ ಸಿಕ್ಕ ಕಲ್ಲನ್ನು ನಾಲಗೆಯಲ್ಲಿ ತಿರುಗಿಸುವವರ ಹಾಗೆ.
ಇಡೀ ಓಣಿಯೇ ಕಲ್ಲು. ಇಲ್ಲಿ ಯಾವ ಗಿಡ?
ಕೇಳಲಿಲ್ಲ ಅವಳು.
ಚಹಾಕ್ಕೆ ಅವತ್ತು ಎರಡು ತುಂಡು ಸಕ್ಕರೆ ಹೆಚ್ಚು.

ಮುಂದಿನ ವಾರ ನೀಲಿ ಬಾಗಿಲ ಬಳಿ ಚೀಲದ ಪಕ್ಕ
ಬೇರೆಯಾಗಿ ನಿಂತಿತ್ತು ಒಂದು ಐರಾನಿನ ಬಾಟಲಿ.
ಮುಚ್ಚಳಕ್ಕೆ ಟೇಪು, ಟೇಪಿನ ಮೇಲೆ ಟೇಪು,
ಕುತ್ತಿಗೆಗೆ ಕೆಂಪು ಉಣ್ಣೆಯ ಗಂಟು,
ಗಂಟಿನ ಮೇಲೆ ಗಂಟು,
ಕಾಣದ ಕೈ ಕತ್ತಲಲ್ಲೂ ತಡವಿ ತಿಳಿಯುವಷ್ಟು ದಪ್ಪ.
ಅಲುಗಿಸಿದೆ. ಒಳಗೆ ಹದಿನಾಲ್ಕು ಸೂಜಿ
ಸಾಸಿವೆ ಸಿಡಿದಂತೆ ಸದ್ದು ಮಾಡಿದವು.

ಬುಟ್ಟಿಗೆ ಹಾಕಲಿಲ್ಲ ಅದನ್ನು.
ಕೋಟಿನ ಜೇಬಲ್ಲಿ ಇಳಿಸಿಕೊಂಡು ಹೋಗಿ
ಆಸ್ಪತ್ರೆಯ ಹಳದಿ ಡಬ್ಬಿಗೆ ಒಪ್ಪಿಸಿದೆ.
ಈಗಲೂ ಪ್ರತಿ ಶನಿವಾರ ಒಪ್ಪಿಸುತ್ತೇನೆ.
ನರ್ಸ್ ನೋಡುತ್ತಾಳೆ, ಫಾರಂ ತೆಗೆಯುವುದಿಲ್ಲ.

ಉಳಿದ ಓಣಿ ಹಾಗೇ ಇದೆ ಬಿಡಿ.
ಮೇಲಿನ ಹೋಟೆಲಿನವರು ಒಡೆದ ಗಾಜನ್ನು
ಇವತ್ತೂ ಅನ್ನದ ಜೊತೆ ಕಟ್ಟಿಟ್ಟಿದ್ದರು.
ಗೆವ್ರೆ ಮೂಸಿ, ಒಂದು ಹೆಜ್ಜೆ ಹಿಂದೆ ಸರಿಯಿತು.
ನಾನೂ ಸರಿದೆ. ಹಿರಿಯರ ಮಾತು.

ಕೊನೆಯ ಚೀಟಿ ಬಂದದ್ದು ನಿನ್ನೆ. ಏನೂ ಇಲ್ಲವಂತೆ.
ಗಡ್ಡ ತೆಗೆದು ಮನೆಗೆ ಹೋದರೆ
ಮಗಳು ಗುರುತು ಹತ್ತದೆ ಬಾಗಿಲ ಹಿಂದೆ ನಿಂತಳು.
ಆಮೇಲೆ ಹತ್ತಿರ ಬಂದು, ನನ್ನ ಕೈಯನ್ನು ಬಿಡಿಸಿ,
ಎಲ್ಲಿ ಬಿಟ್ಟಿದ್ದಳೋ ಅಲ್ಲಿಂದ
ಎಣಿಸತೊಡಗಿದಳು.