ಯಾವ ಬಾಬ್ತಿಗೆ

ಮೂವತ್ತೊಂದು ವರ್ಷ ಟೈಲ್ಸ್ ಅಂಗಡಿಯ ಲೆಕ್ಕ ಬರೆದ ಕೈ ಇದು.
ಒಂದು ಪೆನ್ನಿ ತಾಳೆಯಾಗದಿದ್ದರೂ ನಿದ್ದೆ ಬಾರದು ನನಗೆ.
ಹಾಗಾಗಿ ಡಾಕ್ಟರಮ್ಮ ತೂಕ ಇಳಿಸು ನೆಸ್ಟಾ ಎಂದಾಗ
ಹೆದರಲಿಲ್ಲ. ಹೊಸ ಪುಸ್ತಕ ಕೊಂಡೆ, ನಡುವೆ ಗೆರೆ ಎಳೆದೆ.
ಎಡಕ್ಕೆ ತಿಂದದ್ದು, ಬಲಕ್ಕೆ ಕರಗಿದ್ದು.

ಎಡಗಡೆ ಸುಲಭ. ಬ್ರೆಡ್ಡು ಎರಡು ಹೋಳು, ಬೆಣ್ಣೆ ಒಂದು ಚಮಚ
(ಚಮಚದ ಮೇಲೆ ಗೋಪುರ ಕಟ್ಟಿದ್ದನ್ನು
ಯಾರೂ ಕೇಳುವುದಿಲ್ಲ).
ಬಲಗಡೆಯದೇ ತಕರಾರು.

ಈಜುಕೊಳದಲ್ಲಿ ನಲವತ್ತು ನಿಮಿಷ ಕಾಲು ಬಡಿದು
ಮೇಲೆ ಬಂದರೆ ಕೈಗಡಿಯಾರ ಹೇಳುತ್ತದೆ: ಮುನ್ನೂರ ಹನ್ನೆರಡು.
ಹಾಗಾದರೆ ಅಷ್ಟೂ ನನ್ನ ಗಳಿಕೆ ತಾನೆ?
ಗಳಿಸಿದ್ದನ್ನು ಉಣ್ಣಬಾರದೆಂದು ಯಾವ ಶಾಸ್ತ್ರ?
ಕೌಂಟರಿನ ಕೆರಿಸ್ ಅನ್ನುತ್ತಾಳೆ, ಅರ್ಧ ತಿನ್ನು, ಅರ್ಧ ಬಿಡು,
ಬಾಯಿಬಡುಕರ ಮಾತನ್ನು ನಂಬುವುದೇ ಹಾಗೆ.
ಜಿಮ್ಮಿನ ಹುಡುಗ ರೀಸ್, ಮೀಸೆ ಈಗಷ್ಟೇ ಮೂಡಿದೆ,
ಪೂರ್ತಿ ಬಿಡಿ ಅನ್ನುತ್ತಾನೆ:
"ಸೋಫಾದ ಮೇಲೆ ಕೂತಿದ್ದರೂ ಅದರಲ್ಲಿ ಐವತ್ತು ಕರಗುತ್ತಿತ್ತು,
ಗಡಿಯಾರ ಅದನ್ನೂ ಸೇರಿಸಿಯೇ ಹೇಳಿದೆ."
ಅಂದರೆ ಒಂದೇ ರಶೀದಿ ಎರಡು ಸಲ ಜಮಾ.
ನಮ್ಮ ಅಂಗಡಿಯಲ್ಲಿ ಇದಕ್ಕೆ ಬೇರೆ ಹೆಸರಿದೆ,
ಒಬ್ಬನನ್ನು ಮನೆಗೆ ಕಳಿಸಿದ್ದೂ ಇದೆ.

ಆದರೂ ಮೂರು ವಾರ ಗಡಿಯಾರವನ್ನೇ ನಂಬಿದೆ.
ಚಿಪ್ಸಂಗಡಿಯ ಹಬೆಗಟ್ಟಿದ ಗಾಜಿನ ಮುಂದೆ ನಿಂತು
ಇವತ್ತು ಈಜಿದ್ದೇನಲ್ಲ, ಅಂದುಕೊಂಡೆ.
ವಿನೆಗರಿಗೆ ನೆನೆದ ಕಾಗದ ಬಿಚ್ಚುತ್ತಾ
ನಾಳೆಯೂ ಈಜುತ್ತೇನಲ್ಲ, ಅಂದುಕೊಂಡೆ.
ತಕ್ಕಡಿ ಯಾರ ಪುಸ್ತಕವನ್ನೂ ಓದುವುದಿಲ್ಲ.
ನಾಲ್ಕನೇ ಸೋಮವಾರ ಇನ್ನೂರು ಗ್ರಾಂ ಹೆಚ್ಚೇ ತೋರಿಸಿತು.

ಭಾನುವಾರಗಳು ಅಕ್ಕನವು.
ಎಲುನೆಡ್‌ಗೆ ಕಾಲು ಸ್ವಾಧೀನ ತಪ್ಪಿ ಆರು ವರ್ಷ.
ಗಾಲಿಕುರ್ಚಿಯಲ್ಲಿ ಕೂರಿಸಿ ಟೌನ್‌ಹಿಲ್ ಹತ್ತಿಸುತ್ತೇನೆ,
ತುದಿಯಿಂದ ಕೊಲ್ಲಿ ಕಾಣಬೇಕು ಅವಳಿಗೆ.
ಮಂಜಿದ್ದರೆ? ಮಂಜನ್ನೇ ನೋಡುತ್ತೇನೆ, ನೀನು ತಳ್ಳು, ಅನ್ನುತ್ತಾಳೆ.
ಸ್ವಾನ್ಸೀಯ ಬಸ್ಸುಗಳೇ ಏದುಸಿರು ಬಿಡುವ ಏರು ಅದು.
ಬೆನ್ನು ಬಿಲ್ಲಾಗಿ, ಮೊಳಕಾಲು ನಡುಗಿ,
ನಾಲಗೆ ಅಂಗುಳಕ್ಕಂಟಿ
ಮೇಲೆ ತಲುಪಿ ಬ್ರೇಕು ಹಾಕಿ ಮಣಿಕಟ್ಟು ನೋಡಿಕೊಂಡೆ.
ಹೆಜ್ಜೆ: ಹನ್ನೊಂದು.

ಹನ್ನೊಂದು!
ಕುರ್ಚಿಯ ಹಿಡಿ ಹಿಡಿದ ಕೈ ಬೀಸಲಿಲ್ಲವಂತೆ,
ಕೈ ಬೀಸದವಳು ನಡೆಯಲಿಲ್ಲವಂತೆ.
ನಿನ್ನೆ ಸಿಂಕಿನ ಮುಂದೆ ನಿಂತಲ್ಲೇ ಬಾಣಲೆ ಉಜ್ಜಿದ್ದಕ್ಕೆ
ಇನ್ನೂರು ಹೆಜ್ಜೆ ದಯಪಾಲಿಸಿದ್ದ ಇದೇ ಮಹಾರಾಯ.

ನಗು ಬಂತು. ಆಮೇಲೆ ಸಿಟ್ಟು. ಆಮೇಲೆ ಮತ್ತೆ ನಗು.
ಅಕ್ಕ ತೊಡೆಯ ಮೇಲಿನ ಡಬ್ಬಿ ತೆರೆದಳು.
ವೆಲ್ಶ್ ಕೇಕು, ಒಣದ್ರಾಕ್ಷಿಯದು, ಅಂಚು ಕೊಂಚ ಸೀದದ್ದು,
ಕೂತಲ್ಲೇ ಅವಳ ಕೈಯಾರೆ ಲಟ್ಟಿಸಿದ್ದು.
ಒಂದನ್ನು ಮುರಿದು ಅರ್ಧ ನನ್ನ ಮುಂದೆ ಹಿಡಿದು,
"ನಾನು ಅರವತ್ತೆರಡು ಕಿಲೋ, ಕುರ್ಚಿ ಹದಿನೇಳು.
ಬರೆದುಕೋ. ಯಾವ ಬಾಬ್ತಿಗೆ ಬರೀತೀ?"

ಉತ್ತರಿಸಲಿಲ್ಲ, ಬಾಯಲ್ಲಿ ಕೇಕಿತ್ತು.
ಕೆಳಗೆ ಕೊಲ್ಲಿ ಬೂದಿಬಣ್ಣಕ್ಕೆ ಮಲಗಿತ್ತು,
ಒಂದು ದೋಣಿ ಹೋಗುತ್ತಿತ್ತೋ ನಿಂತಿತ್ತೋ ತಿಳಿಯಲಿಲ್ಲ.
ಇಳಿಯುವುದು ಹತ್ತಿದ್ದಕ್ಕಿಂತ ಕಷ್ಟ:
ಜಾರುವ ಜೀವವನ್ನು ಹಿಂದಕ್ಕೆಳೆದು ಹಿಡಿದೇ ಹೆಜ್ಜೆಯಿಡಬೇಕು.

ರಾತ್ರಿ ಪುಸ್ತಕ ತೆರೆದೆ.
ಎಡಗಡೆ: ವೆಲ್ಶ್ ಕೇಕು, ಅರ್ಧ.
ಹೊಡೆದುಹಾಕಿ, ಒಂದೂವರೆ.
ಬಲಗಡೆ ಪೆನ್ನು ಕೊಂಚ ಹೊತ್ತು ತಡೆಯಿತು.
ಈಜಿನದನ್ನೂ ಬರೆಯಲಿಲ್ಲ, ಏರಿನದನ್ನೂ.
ಮೂವತ್ತೊಂದು ವರ್ಷದಲ್ಲಿ ಮೊದಲ ಸಲ
ಒಂದು ಕಾಲಂ ಖಾಲಿ ಬಿಟ್ಟು ದೀಪ ಆರಿಸಿದೆ.
ಮೊಳಕಾಲು ಮಾತ್ರ ನಡುರಾತ್ರಿವರೆಗೂ
ತನ್ನ ಲೆಕ್ಕ ಒಪ್ಪಿಸುತ್ತಲೇ ಇತ್ತು.