ಹಳದಿ ಜ್ವರದ ಸೂಜಿಗೆ ಹೊರಟವಳಿಗೆ

ಕೂತ್ಕೋ ಶಮೀಮಾ, ಬೆಂಗಳೂರು ಬಸ್ಸಿಗೆ ಇನ್ನೂ ಹೊತ್ತಿದೆ.
ಡ್ರೈವರು ಕ್ಯಾಂಟೀನಿಗೆ ಹೋಗಿದ್ದು ಈಗ,
ಇಡ್ಲಿ ಆದಮೇಲೆ ಕಾಫಿ, ಕಾಫಿ ಆದಮೇಲೆ ಎಲೆಯಡಿಕೆ.
ಇಪ್ಪತ್ತೆರಡು ವರ್ಷ ಇದೇ ಹಾಸನ ಡಿಪೋದಲ್ಲಿ ಟಿಕೆಟ್ ಹರಿದವಳು,
ನನಗೆ ಗೊತ್ತಿಲ್ಲವಾ.

ಸೂಜಿ ಅಷ್ಟೇನೂ ನೋಯಲ್ಲ. ಒಂದು ಹಳದಿ ಪುಸ್ತಕ ಕೊಡ್ತಾರೆ,
ಪಾಸ್‌ಪೋರ್ಟಿನ ಹೊಟ್ಟೆಯೊಳಗೇ ಇಟ್ಟುಕೋ.
ವಿಮಾನದ ಚಿಂತೆ ಬಿಡು,
ತೊಟ್ಟಿಲ ಕೂಸಿನ ಹಾಗೆ ಕಟ್ಟಿ ಕೂರಿಸ್ತಾರೆ.
ಕಷ್ಟ ಇರೋದು ಆಮೇಲೆ, ದಾರ್ ಎಸ್ ಸಲಾಮಿನಿಂದ ಜಾಂಜಿಬಾರಿಗೆ,
ನಿನ್ನ ತಂಗಿ ಹೊಟ್ಟೆ ಹೊತ್ತು ಕಾಯ್ತಿರೋ ಊರಿಗೆ,
ಆ ಎರಡು ಗಂಟೆಯ ಹಡಗಿನಲ್ಲಿ.

ಗೇಟಿನ ಹೊರಗೇ ನಾಲ್ಕು ಕೈ ಬಂದು ನಿನ್ನ ಚೀಲ ಹಿಡೀತವೆ.
ಕಳ್ಳರಲ್ಲ, ಕೂಲಿಯವರು.
ನಮ್ಮ ಆಲೂಗಡ್ಡೆ ಮಂಡಿಯ ಹಮಾಲಿಗಳನ್ನ ನೆನೆಸ್ಕೋ,
ಅದೇ ಅವಸರ, ಅದೇ ಬೆವರು.
ಬೇಡ ಅಂದರೆ ಬೇಡ ಅನ್ನು, ಗಟ್ಟಿಯಾಗಿ, ನಗದೆ.
ಸರತಿ ಅಂತ ಒಂದು ಇರುತ್ತೆ. ಹಾಸನಾಂಬೆ ಬಾಗಿಲು ತೆಗೆದ ದಿನ
ನಿನ್ನ ಹೊಲಿಗೆ ಅಂಗಡಿ ಮುಂದೂ ಬಂದು ನಿಂತಿರುತ್ತಲ್ಲ, ಹಾಗೆ.
ಹಡಗು ಕೂಗಿದ ಮೇಲೆ ಸರತಿ ಇರಲ್ಲ, ಮೊಣಕೈ ಇರುತ್ತೆ.
ಪೋಲೆ ಪೋಲೆ ಅಂತಾರೆ. ನಿಧಾನ ಅಂತ ಅರ್ಥವಂತೆ.
ಹಾಗನ್ನೋನ ಕೈಯೇ ನಿನ್ನ ಬೆನ್ನ ಮೇಲಿರುತ್ತೆ.

ಒಳಗೆ ಹೋದಮೇಲೆ ಮೇಲಿನ ಅಂತಸ್ತಿಗೆ ಆಸೆಪಡಬೇಡ.
ಕೆಳಗೆ, ನಡುಭಾಗದಲ್ಲಿ, ಒಂಚೂರು ಹಿಂದೆ ಕೂತ್ಕೋ.
ಶಿರಾಡಿ ಘಾಟಿನಲ್ಲಿ ಎಷ್ಟು ಜನಕ್ಕೆ ನಿಂಬೆಹಣ್ಣು ಕೊಟ್ಟಿಲ್ಲ ನಾನು,
ಯಾರು ಯಾವ ತಿರುವಿಗೆ ಅಂತ ಮುಖ ನೋಡಿ ಹೇಳ್ತಿದ್ದೆ.
ಅಲ್ಲಿ ತಿರುವೇ ಇಲ್ಲ ಕಣೆ. ರಸ್ತೆಯೇ ಏಳುತ್ತೆ, ರಸ್ತೆಯೇ ಬೀಳುತ್ತೆ.
ಒಬ್ಬ ಹುಡುಗ ಕಪ್ಪು ಚೀಲಗಳನ್ನ ಟಿಕೆಟ್ ಹಾಗೆ ಹರಿದು ಹಂಚ್ತಾ ಬಂದ.
ಬೇಡ ಅಂದೆ. ಘಾಟಿ ಕಂಡವಳು ಅನ್ನೋ ಜಂಬ.
ಹತ್ತು ನಿಮಿಷಕ್ಕೆ ನಾನೇ ಕೈಮಾಡಿ ಕರೆದೆ.

ಬಾಗಿಲಲ್ಲಿ ಯೂನಿಫಾರ್ಮಿನ ಒಬ್ಬಳು ನಿಂತು ಕೂಗ್ತಿದ್ದಳು.
ಆ ಭಾಷೆ ನನಗೆ ಒಂದಕ್ಷರ ಬರಲ್ಲ. ಆದರೂ ಪೂರ್ತಿ ತಿಳೀತು:
ಮುಂದೆ ಹೋಗಿ, ನಡುವೆ ಜಾಗ ಇದೆ, ಫುಟ್‌ಬೋರ್ಡ್ ಬಿಡಿ.
ಗಂಟಲು ಒಡೆದಿತ್ತು ಪಾಪ.
ಬ್ಯಾಗಿನಲ್ಲಿದ್ದ ಶುಂಠಿ ಪೆಪ್ಪರಮಿಂಟು ಕೊಟ್ಟೆ.
ಬಾಯಿಗೆ ಹಾಕ್ಕೊಂಡೇ ನನ್ನನ್ನೂ ಒಳಗೆ ತಳ್ಳಿದಳು.
ಸರಿಯಾಗೇ ತಳ್ಳಿದಳು.

ಇಳಿದಮೇಲಿನ ಮಾತು ಒಂದಿದೆ. ಚಿಲ್ಲರೆ ಇಟ್ಟುಕೋ.
ನಾನು ಕೂಲಿಯವನ ಕೈಗೆ ದೊಡ್ಡ ನೋಟು ಕೊಟ್ಟೆ,
ಈಗ ತಂದೆ ಅನ್ನೋ ಹಾಗೆ ಬೆರಳೆತ್ತಿ ಜನದೊಳಗೆ ಹೋದ.
ಬಿಸಿಲಲ್ಲಿ ಮುಕ್ಕಾಲು ಗಂಟೆ ನಿಂತೆ.
ಟಿಕೆಟ್ಟಿನ ಹಿಂದೆ ನಾನು ಬರೆದುಕೊಟ್ಟ ಮೂರು ರೂಪಾಯಿ, ಏಳು ರೂಪಾಯಿ
ಎಲ್ಲ ನೆನಪಾಯಿತು. ಚನ್ನರಾಯಪಟ್ಟಣದಲ್ಲಿ ನಿದ್ದೆಗಣ್ಣಲ್ಲೇ ಇಳಿದವರು.
ಬಸ್ಸು ಹೊರಟಮೇಲೆ ಚೀಟಿ ಹಿಡಿದು ಓಡಿಬಂದ
ಬಿಳಿ ಟವೆಲಿನ ಮುದುಕ.
ಒಂದು ವಿಷಲ್ ಊದಬಹುದಿತ್ತು. ಲೇಟಾಗಿತ್ತು.
ಕೂಲಿಯವನು ಬರಲೇ ಇಲ್ಲ.
ಸರಿ, ಚುಕ್ತಾ, ಅಂದ್ಕೊಂಡು ಹೊರಟೆ.
ಆದರೂ ತಿರುಗಿ ತಿರುಗಿ ನೋಡಿದೆ.

ಓ, ಬಂದ ನೋಡು, ಬಾಯೆಲ್ಲ ಕೆಂಪು.
ಏಳು. ಎಡಗಡೆ ಕೂತ್ಕೋ, ಈ ಹೊತ್ತಿಗೆ ಬಲಕ್ಕೆ ಬಿಸಿಲು.

ಏನಂದೆ? ಕಡಲು ಹೇಗಿತ್ತು ಅಂತಲಾ?

ನೋಡಲಿಲ್ಲ ಕಣೆ.
ತಲೆ ಎಣಿಸ್ತಿದ್ದೆ. ಯಾರೂ ಹೇಳಿರಲಿಲ್ಲ, ಆದರೂ.
ಮುನ್ನೂರ ಹನ್ನೆರಡಕ್ಕೆ ಒಬ್ಬ ಎದ್ದು ಜಾಗ ಬದಲಾಯಿಸಿದ,
ಲೆಕ್ಕ ತಪ್ಪಿತು, ಮತ್ತೆ ಒಂದರಿಂದ ಶುರುಮಾಡಿದೆ,
ಅಷ್ಟರಲ್ಲಿ ದಡ.

ನೀನು ನೋಡ್ಕೊಂಡು ಬಾ.