ಐದನೆಯದು

ಮಸ್ಜಿದ್ ಬಂದರಿನ ಮೂರನೇ ಮಾಳಿಗೆ.
ಪ್ರಿಂಟರ್ ಹೊಸದು, ಒಂದೇ;
ಕಂಪ್ಯೂಟರ್ ಐದು, ಎಲ್ಲವೂ ಮುದಿ.
ನಾಲ್ಕು ಹೇಳಿದ ಮಾತು ಕೇಳಿದವು.
ಸುಲಭಾ ಪಾಲವರ ಮೇಜಿನದು ಮಾತ್ರ
ಗೊರಕೆಯ ನಡುವೆ ಎಚ್ಚೆತ್ತು ಡ್ರೈವರ್ ಎಲ್ಲಿ ಅಂತು.

ಅದರ ಕಾಲದ್ದು ಈಗ ಯಾರಲ್ಲೂ ಇಲ್ಲ.
ಅಂಗೈಯಲ್ಲಿ ಬರೆದುಕೊಂಡ ಅಂಕಿ-ಚುಕ್ಕಿ ವಿಳಾಸ
ಬೆವರಿಗೆ ಅರ್ಧ ಅಳಿಸಿತ್ತು. ಕಟಿಂಗ್ ಚಹಾ ಕೆನೆಗಟ್ಟಿತು.
ಕೊನೆಗೆ ಯಾವುದೋ ದಾಯಾದಿ ಪ್ರಿಂಟರಿನ ಡ್ರೈವರ್ ತಂದು
ಇವನೇ ಅವನು ಅಂತ ನಂಬಿಸಿದೆ.

ಆಚೆ ಕೋಣೆಯಲ್ಲಿ ಗುರ್ರ್.
ಬಿದ್ದ ಹಾಳೆ ನಾನು ಕಳಿಸಿದ್ದಲ್ಲ—
ಸರತಿಯಲ್ಲಿ ಮೂರು ವರ್ಷ ನಿಂತಿದ್ದ ರಜೆ ಅರ್ಜಿ:
ಕಣ್ಣಿನ ಆಪರೇಷನ್, ಎರಡು ದಿನ.

ಪಾಲವ್ ಬಾಯಿ ಅದನ್ನು
ಮೂಗಿಗೆ ತಾಗಿಸಿಕೊಂಡು ಓದಿದರು,
ನಾಲ್ಕಾಗಿ ಮಡಿಸಿ ಡಬ್ಬಿಚೀಲಕ್ಕೆ ಹಾಕಿದರು.
‘ಚಲ್, ಟೆಸ್ಟ್ ಪೇಜ್ ಕಾಢ್,’ ಅಂದರು.